ಹೇರೆತ್ತಿನ ದಾರಿ: ದಖ್ಖನಿನ ಬಂಜಾರ ಸಾರ್ಥಗಳ ದಿನಚರಿ

ದಖ್ಖನಿನ ಇತಿಹಾಸವನ್ನು ಕುರಿತ ಗ್ರಂಥಗಳಲ್ಲಿ ದಂಡಯಾತ್ರೆಗಳ ವರ್ಣನೆಗೆ ಕೊರತೆಯಿಲ್ಲ. ಇಂಥ ಅರಸನು ಇಷ್ಟು ಸಾವಿರ ಕುದುರೆ, ಇಷ್ಟು ಸಾವಿರ ಕಾಲಾಳುಗಳೊಡನೆ ಇಂಥ ದುರ್ಗವನ್ನು ಮುತ್ತಿದನೆಂದೂ, ಮುತ್ತಿಗೆ ಇಷ್ಟು ತಿಂಗಳು ನಡೆಯಿತೆಂದೂ ಅವು ವಿವರವಾಗಿ ಹೇಳುತ್ತವೆ. ಆದರೆ ಅಷ್ಟು ತಿಂಗಳು ಆ ಜನಸಮೂಹವು ಏನನ್ನು ಉಂಡಿತು, ಆ ಧಾನ್ಯವನ್ನು ಎಲ್ಲಿಂದ ಯಾರು ತಂದರು, ಯಾವ ದಾರಿಯಲ್ಲಿ ಎಷ್ಟು ದಿನ ನಡೆದು ತಂದರು ಎಂಬ ಪ್ರಶ್ನೆಗಳಿಗೆ ಅವುಗಳಲ್ಲಿ ಉತ್ತರ ದೊರೆಯುವುದು ಅಪರೂಪ. ಉತ್ತರವನ್ನು ಹುಡುಕಹೊರಟವನಿಗೆ ಒಂದು ಜನಾಂಗದ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಉತ್ತರದಲ್ಲಿ ಬಂಜಾರರೆಂದೂ, ಕನ್ನಡ ನಾಡಿನಲ್ಲಿ ಲಂಬಾಣಿ, ಲಮಾಣಿಗಳೆಂದೂ, ತೆಲುಗು ಸೀಮೆಯಲ್ಲಿ ಲಂಬಾಡಿಗಳೆಂದೂ, ಇಂಗ್ಲಿಷರ ಸೈನಿಕ ಪತ್ರಗಳಲ್ಲಿ ಬ್ರಿಂಜಾರಿಗಳೆಂದೂ ಕರೆಯಲ್ಪಟ್ಟ ಈ ಜನರು ತಮ್ಮನ್ನು ತಾವು ಕರೆದುಕೊಳ್ಳುವುದು ಗೋರ್ ಎಂದು.

ಹೆಸರಿನ ವಿಷಯದಲ್ಲಿ ಒಂದು ಮಾತು. ಲಂಬಾಣಿ ಎಂಬುದು ಲವಣದಿಂದ ಬಂದಿತೆಂಬ ವಾದ ಪ್ರಚಾರದಲ್ಲಿದೆ. ಉಪ್ಪಿನ ಸಾಗಾಟಕ್ಕೂ ಈ ಜನಕ್ಕೂ ಇದ್ದ ಗಾಢ ಸಂಬಂಧವನ್ನು ನೆನೆದರೆ ಈ ವಾದ ಹಿತವಾಗಿಯೇ ಇದೆ. ಆದರೆ ಹಿತವಾದುದೆಲ್ಲ ಸಿದ್ಧವಾದುದಲ್ಲ. ಬಂಜಾರ ಎಂಬುದನ್ನು ವಾಣಿಜ್ಯ ಎಂಬ ಸಂಸ್ಕೃತ ಶಬ್ದದ ಕುಲಕ್ಕೆ ಸೇರಿಸುವುದು ಇದಕ್ಕಿಂತ ಬಲವಾದ ಊಹೆ. ಕನ್ನಡ ಶಾಸನಗಳಲ್ಲಿ ಬರುವ ವೀರಬಣಂಜು ಧರ್ಮ, ಬಣಜಿಗ ಮೊದಲಾದ ಪದಗಳೂ ಇದೇ ಬೇರಿನವು. ಹಾಗೆಂದು ಐಹೊಳೆಯ ಐನೂರ್ವರನ್ನೂ ಬಂಜಾರರನ್ನೂ ಒಂದೇ ಜನವೆಂದು ಭಾವಿಸುವುದು ಸರಿಯಲ್ಲ. ಐನೂರ್ವರು ಸಭೆ ಸೇರಿ ಶಾಸನ ಬರೆಯಿಸಿದರು, ದೇವಾಲಯಗಳಿಗೆ ದತ್ತಿ ಬಿಟ್ಟರು. ಬಂಜಾರರು ಕಲ್ಲಿನ ಮೇಲೆ ಏನನ್ನೂ ಬರೆಯಿಸಲಿಲ್ಲ. ಅವರ ಭಾಷೆಗೆ ತನ್ನದೇ ಆದ ಲಿಪಿಯೂ ಇರಲಿಲ್ಲ. ಅವರ ದಿನಚರಿಯನ್ನು ಅರಿಯಬೇಕಾದರೆ ಅವರನ್ನು ದಾರಿಯಲ್ಲಿ ಕಂಡ ಪರರ ಬರವಣಿಗೆಯನ್ನೇ ಅವಲಂಬಿಸಬೇಕಾಗಿದೆ. ಈ ಪರರಲ್ಲಿ ಕೆಲವರು ಪ್ರವಾಸಿಗಳು, ಕೆಲವರು ಸೇನಾಧಿಕಾರಿಗಳು, ಮತ್ತೆ ಕೆಲವರು ಪೋಲೀಸರು. ಸಾಕ್ಷಿಗಳ ಈ ಕ್ರಮವನ್ನು ಮರೆಯಲಾಗದು. ಮುಂದೆ ಅದಕ್ಕೆ ಬರಬೇಕಾಗುತ್ತದೆ.

ಇಂಗ್ಲಿಷ್ ಕಂಪನಿಯ ಗುಮಾಸ್ತನಾಗಿದ್ದ ಪೀಟರ್ ಮಂಡಿ ೧೬೩೨ರಲ್ಲಿ ಆಗ್ರಾದಿಂದ ಪಾಟ್ನಾಕ್ಕೆ ಹೋಗುತ್ತಿದ್ದಾಗ ಒಂದು ತಾಂಡಾವನ್ನು ಕಂಡನು. ಅದರಲ್ಲಿ ಧಾನ್ಯ ಹೇರಿದ ೧೪,೦೦೦ ಎತ್ತುಗಳಿದ್ದುವೆಂದು ಅವನು ಬರೆದಿಟ್ಟಿದ್ದಾನೆ. ಹೆಂಡಿರು, ಮಕ್ಕಳು, ಮನೆಯ ಸಾಮಾನು ಎಲ್ಲವೂ ಅವರ ಜೊತೆಯಲ್ಲಿಯೇ ಸಾಗುತ್ತಿದ್ದುವು; ಎತ್ತುಗಳು ಅವರ ಸ್ವಂತದವು; ಕೆಲವೊಮ್ಮೆ ಬಾಡಿಗೆಗೆ ಹೇರುತ್ತಿದ್ದರಾದರೂ ಬಹುಮಟ್ಟಿಗೆ ಒಂದೆಡೆ ಕೊಂಡು ಇನ್ನೊಂದೆಡೆ ಮಾರುವುದೇ ಅವರ ವೃತ್ತಿ; ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯುತ್ತಿರಲಿಲ್ಲ. ಗಂಡಸರು ದೃಢಕಾಯರು, ಹೆಂಗಸರು ಜಗಳ ಬಿದ್ದರೆ ಗಂಡಸರಂತೆಯೇ ಹೊಡೆದಾಡುವವರು ಎಂಬುದನ್ನೂ ಅವನು ಗುರುತಿಸಿದ್ದಾನೆ.

ಆರೇಳು ಮೈಲಿ ಎಂಬ ಈ ಮಾತನ್ನು ಸೋಮಾರಿತನವೆಂದು ಓದಿ ದಾಟುವವರುಂಟು. ಲೆಕ್ಕ ಹಾಕಿ ನೋಡಿದರೆ ಅದರ ಅರ್ಥ ಬೇರೆಯಾಗುತ್ತದೆ. ೧೪,೦೦೦ ಎತ್ತುಗಳು ನಾಲ್ಕು ನಾಲ್ಕರ ಸಾಲಾಗಿ, ಸಾಲಿಗೆ ಮೂರು ಗಜದ ಅಂತರದಲ್ಲಿ ನಡೆದುವೆಂದು ಊಹಿಸಿದರೆ, ಸಾರ್ಥದ ಉದ್ದವೇ ೧೦,೫೦೦ ಗಜ, ಎಂದರೆ ಸುಮಾರು ಆರು ಮೈಲಿ ಆಗುತ್ತದೆ. ಮುಂದಿನ ಎತ್ತು ಆ ದಿನದ ಬೀಡನ್ನು ಮುಟ್ಟುವ ಹೊತ್ತಿಗೆ ಹಿಂದಿನ ಎತ್ತು ನಿನ್ನೆಯ ಬೀಡಿನಿಂದ ಆಗತಾನೆ ಎದ್ದಿರುತ್ತದೆ. ಬಯಲಿನಲ್ಲಿ ಹರಡಿ ನಡೆದಿರಬಹುದು, ಇಕ್ಕಟ್ಟಿನ ಹಾದಿಯಲ್ಲಿ ಒಂಟಿ ಸಾಲಾಗಿರಬಹುದು, ಲೆಕ್ಕ ಅಂದಾಜಿನದು. ಆದರೂ ಇಂಥ ತಾಂಡಾ ಒಂದು ಊರಿನ ಪ್ರಯಾಣವಾಗಿತ್ತೇ ಹೊರತು ಒಬ್ಬ ವರ್ತಕನ ಪ್ರಯಾಣವಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಿಧಾನಕ್ಕೆ ಇನ್ನೊಂದು ಕಾರಣವಿತ್ತು, ಅದೇ ಮುಖ್ಯವಾದದ್ದು. ಈ ಎತ್ತುಗಳಿಗೆ ಹುಲ್ಲು ಹುರುಳಿಗಳನ್ನು ಕೊಂಡು ತಿನ್ನಿಸುತ್ತಿರಲಿಲ್ಲ. ಅವು ದಾರಿಯ ಇಕ್ಕೆಲದಲ್ಲಿ ಮೇಯುತ್ತ ಸಾಗಬೇಕು, ಮಧ್ಯಾಹ್ನದಿಂದ ಸಂಜೆಯವರೆಗೆ ಕಾಡಿನಲ್ಲಿಯೋ ಬೀಳುನೆಲದಲ್ಲಿಯೋ ಮೇಯಬೇಕು. ಆದುದರಿಂದಲೇ ಬಂಜಾರನ ಸಾಗಾಟದ ವೆಚ್ಚ ಬಂಡಿಯ ವೆಚ್ಚಕ್ಕಿಂತ ಬಹಳ ಕಡಮೆ. ರೇಷ್ಮೆ, ನೀಲಿಗಳಂಥ ಬೆಲೆಯುಳ್ಳ ಸರಕು ಬಂಡಿಯ ಬಾಡಿಗೆಯನ್ನು ತಾಳಬಲ್ಲುದು. ಜೋಳ, ಬೇಳೆ, ಉಪ್ಪುಗಳು ತಾಳಲಾರವು. ಬಡವನು ತಿನ್ನುವ ವಸ್ತುವನ್ನು ದೂರ ಸಾಗಿಸಬಲ್ಲ ಸಾಧನ ಅಂದಿನ ಒಳನಾಡಿನಲ್ಲಿ ಈ ಒಂದೇ ಆಗಿತ್ತೆಂದರೆ ಅತಿಶಯೋಕ್ತಿಯಲ್ಲ. ತುಂಬಿದ ನದಿ, ಕೆಸರಿನ ಎರೆಭೂಮಿ, ಘಟ್ಟದ ಕಡಿದಾದ ಮೆಟ್ಟಿಲುಹಾದಿ, ಇವು ಬಂಡಿಯನ್ನು ತಡೆಯುತ್ತಿದ್ದುವು. ಕಂಠಾಳ ಹೊತ್ತ ಎತ್ತು ಮಳೆಗಾಲವೊಂದನ್ನು ಬಿಟ್ಟರೆ ಎಲ್ಲಿಯಾದರೂ ಹತ್ತಿ ಇಳಿಯಬಲ್ಲುದಾಗಿತ್ತು.

ಫ್ರಾನ್ಸಿನ ರತ್ನವ್ಯಾಪಾರಿ ಟಾವರ್ನಿಯೆ ೧೭ನೆಯ ಶತಮಾನದ ನಡುವಿನಲ್ಲಿ ಸೂರತ್ತಿನಿಂದ ಗೋಲ್ಕೊಂಡಕ್ಕೆ ಹಲವು ಸಲ ಪಯಣ ಮಾಡಿದವನು. ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾರ್ಥ ಬರುವುದನ್ನು ನೋಡುವುದೇ ಒಂದು ಬೆರಗು ಎಂದು ಅವನ ಅಭಿಪ್ರಾಯ. ಗೋದಿ ಬೆಳೆಯುವಲ್ಲಿಗೆ ಅಕ್ಕಿ, ಅಕ್ಕಿ ಬೆಳೆಯುವಲ್ಲಿಗೆ ಗೋದಿ, ಉಪ್ಪಿಲ್ಲದಲ್ಲಿಗೆ ಉಪ್ಪು ಹೀಗೆ ಸಾಗುತ್ತಿತ್ತು. ಎದುರಿನಿಂದ ಇಂಥ ಸಾರ್ಥ ಬಂದರೆ ಇಕ್ಕಟ್ಟಾದ ಎಡೆಯಲ್ಲಿ ಪ್ರಯಾಣಿಕನು ಎರಡು ಮೂರು ದಿನ ಕಾಯುತ್ತ ಕುಳಿತಿರಬೇಕಾಗುತ್ತಿತ್ತಂತೆ. ಎತ್ತೊಂದರ ಹೇರು ಅವನ ಲೆಕ್ಕದಲ್ಲಿ ೩೦೦ರಿಂದ ೩೫೦ ಲಿವ್ರ್. ಇಂದಿನ ಅಳತೆಯಲ್ಲಿ ಸುಮಾರು ೧೫೦ ಕಿಲೋ ಎನ್ನಬಹುದು. ೧೦,೦೦೦ ಎತ್ತುಗಳ ಹೇರು ೧೫ ಲಕ್ಷ ಕಿಲೋ. ತಲೆಗೆ ದಿನಕ್ಕೆ ಅರ್ಧ ಕಿಲೋದಂತೆ ಅದು ಒಂದು ಲಕ್ಷ ಜನಕ್ಕೆ ಒಂದು ತಿಂಗಳ ಅನ್ನ. ವಿಜಾಪುರ, ಗೋಲ್ಕೊಂಡಗಳಂಥ ನಗರಗಳು ಒಣನೆಲದ ನಡುವೆ ಹೇಗೆ ಬಾಳಿದುವೆಂಬ ಪ್ರಶ್ನೆಯನ್ನು ಈ ಅಂಕೆಯ ಬೆಳಕಿನಲ್ಲಿ ನೋಡಬೇಕು.

ಟಾವರ್ನಿಯೆ ಈ ಜನರನ್ನು ನಾಲ್ಕು ಪಂಗಡಗಳಾಗಿ ವಿಂಗಡಿಸುತ್ತಾನೆ: ಒಂದು ಗೋದಿಯದು, ಒಂದು ಅಕ್ಕಿಯದು, ಒಂದು ಬೇಳೆಕಾಳಿನದು, ಒಂದು ಉಪ್ಪಿನದು. ಪಂಗಡಕ್ಕೊಂದು ಗುರುತು, ಹಣೆಯ ಮೇಲೆ ಬಣ್ಣದ ಲೇಪ, ಅದಕ್ಕೆ ಅಂಟಿಸಿದ ಕಾಳುಗಳು, ಉಪ್ಪಿನವರ ಕೊರಳಲ್ಲಿ ಉಪ್ಪಿನ ಚೀಲ. ಈ ಅಚ್ಚುಕಟ್ಟಾದ ವಿಂಗಡಣೆಯನ್ನು ಪೂರ್ಣವಾಗಿ ನಂಬುವುದು ಕಷ್ಟ. ಕರಾವಳಿಯ ಉಪ್ಪನ್ನು ತರಲು ಹೊರಟವನು ಖಾಲಿ ಎತ್ತುಗಳನ್ನು ಹೊಡೆದುಕೊಂಡು ಘಟ್ಟ ಇಳಿಯುತ್ತಿದ್ದನೆಂದು ಯಾವ ವ್ಯಾಪಾರಜ್ಞಾನವೂ ಒಪ್ಪದು. ಇಳಿಯುವಾಗ ಧಾನ್ಯ, ಏರುವಾಗ ಉಪ್ಪು ಎಂಬುದೇ ಸಹಜವಾದ ಕ್ರಮ. ಆದರೆ ಅದೇ ಪ್ರವಾಸಿ ಕಣ್ಣಾರೆ ಕಂಡಂತೆ ಬರೆದಿರುವ ಬೆಳಗಿನ ಚಿತ್ರವೊಂದು ನಂಬಿಕೆಗೆ ಅರ್ಹವಾಗಿದೆ. ಗಂಡಸರು ಹೇರುತ್ತಿರುವಾಗ, ಹೆಂಗಸರು ಗುಡಾರ ಮಡಿಸುತ್ತಿರುವಾಗ, ಪೂಜಾರಿಗಳು ಬಯಲಿನಲ್ಲಿ ಒಂದು ಕೋಲು ನೆಟ್ಟು ಅದರ ಮೇಲೆ ಸುರುಳಿ ಸುತ್ತಿದ ಹಾವಿನ ವಿಗ್ರಹವನ್ನಿಡುತ್ತಿದ್ದರು. ಎಲ್ಲರೂ ಸಾಲಾಗಿ ಬಂದು ಕೈಮುಗಿಯುವರು. ಹುಡುಗಿಯರು ಮೂರು ಸುತ್ತು ಬರುವರು. ಬಳಿಕ ದೇವರನ್ನು ಅದಕ್ಕೆಂದೇ ಮೀಸಲಾದ ಎತ್ತಿನ ಮೇಲೇರಿಸಿ ಹೊರಡುವರು. ನಿತ್ಯವೂ ಗುಡಿ ಕಟ್ಟಿ ನಿತ್ಯವೂ ಬಿಚ್ಚುವ ಧರ್ಮ ಇದು.

ಎತ್ತಿನ ಮಾತು ಬಂದಾಗ ಹಟಾಡಿಯ ಎಂಬುದನ್ನು ಹೇಳದಿರುವಂತಿಲ್ಲ. ಇದು ಬಾಲಾಜಿಗೆ ಮೀಸಲಾದ ಬಸವ. ಇದರ ಮೇಲೆ ಯಾವ ಹೇರೂ ಇಲ್ಲ. ಕೆಂಪು ರೇಷ್ಮೆಯ ಪಟ್ಟಿ, ಕಿಣಿಕಿಣಿ ಗಂಟೆ, ಹಿತ್ತಾಳೆಯ ಸರಪಣಿ, ಕವಡೆಯ ಸರ ಇವುಗಳಿಂದ ಅಲಂಕೃತವಾಗಿ ಸಾರ್ಥದ ಮುಂದೆ ಇದು ನಡೆಯುವುದು. ಹಗಲಿನ ನಡಿಗೆ ಮುಗಿಸಿ ಇದು ಎಲ್ಲಿ ಮಲಗುವುದೋ ಅಲ್ಲಿಯೇ ಬೀಡು. ಕಾಯಿಲೆಯಾದವರು ಇದರ ಕಾಲಡಿಯಲ್ಲಿ ಹರಕೆ ಹೊರುವರು. ಬೀಡಿನ ಜಾಗವನ್ನು ಒಂದು ಪಶುವಿನ ಇಚ್ಛೆಗೆ ಬಿಡುವುದು ಮೌಢ್ಯವೆಂದು ಕೆಲವರಿಗೆ ತೋರಿತು. ಆದರೆ ನೀರು ಹುಲ್ಲುಗಳ ವಾಸನೆಯನ್ನು ಮನುಷ್ಯನಿಗಿಂತ ಮುಂಚೆ ಹಿಡಿಯುವುದು ಎತ್ತೇ. ದಣಿವಿನ ಅಳತೆ ತಿಳಿದಿರುವುದೂ ಎತ್ತಿಗೇ. ಜಾಗದ ವಿಷಯವಾಗಿ ನಾಯಕರೊಳಗೆ ಜಗಳ ಹುಟ್ಟದಿರಲು ಇದಕ್ಕಿಂತ ಒಳ್ಳೆಯ ತೀರ್ಪುಗಾರನಿಲ್ಲ.

ಬೀಡು ಬಿಟ್ಟ ಮೇಲಿನ ಕೆಲಸ ಬಹುಮಟ್ಟಿಗೆ ಹೆಂಗಸರದು. ಇಳಿಸಿದ ಗೋಣಿಗಳನ್ನು ಒಂದರ ಮೇಲೊಂದು ಒಟ್ಟಿ ಗೋಡೆ ಮಾಡುತ್ತಿದ್ದರು. ಅದೇ ರಾತ್ರಿಯ ಕೋಟೆ. ಮೇಲೆ ಬಟ್ಟೆ ಎಳೆದರೆ ಮನೆ. ಎತ್ತುಗಳು ಮೇದು ಬಂದ ಮೇಲೆ ಒಳಗೆ ಸೇರಿಸಿ, ಸುತ್ತಲೂ ನಾಯಿಗಳನ್ನು ಬಿಡುತ್ತಿದ್ದರು. ಹುಲಿ ಚಿರತೆಗಳಿಗೂ ಕಳ್ಳರಿಗೂ ಹೆದರದ ಈ ನಾಯಿಗಳ ತಳಿಗೆ ಬಂಜಾರರ ಹೆಸರೇ ನಿಂತಿದೆ. ನೀರು, ಸೌದೆ, ರೊಟ್ಟಿ ಇವು ಎಲ್ಲ ಊರಿನ ಹೆಂಗಸರಿಗೂ ಇರುವ ಕೆಲಸಗಳೇ. ಇಲ್ಲಿ ಅವುಗಳ ಜೊತೆಗೆ ಹರಿದ ಗೋಣಿಯನ್ನು ಹೊಲಿಯುವ, ಸೆಣಬನ್ನು ಹೊಸೆದು ಹೊಸ ಗೋಣಿ ನೇಯುವ ಕೆಲಸವೂ ಸೇರಿತ್ತು. ಗೋಣಿ ಎಂಬ ಈ ನಾಡಿನ ಪದವೇ ಇಂಗ್ಲಿಷಿಗೆ ಹೋಗಿ ಗನ್ನಿ ಆಯಿತು. ಇಂದು ವಸ್ತುಸಂಗ್ರಹಾಲಯಗಳಲ್ಲಿ ಕನ್ನಡಿ ಕವಡೆಗಳ ಲಂಬಾಣಿ ಕಸೂತಿಯನ್ನು ಮೆಚ್ಚುವವರು ಆ ಸೂಜಿ ಎತ್ತಿನ ಹೇರನ್ನು ಹೊಲಿದ ಸೂಜಿಯ ತಂಗಿ ಎಂಬುದನ್ನು ನೆನೆಯುವುದು ಕಡಮೆ.

ತಾಂಡಾದ ಒಳಗಿನ ಆಡಳಿತ ನಾಯಕನದು. ಅವನಿಗೆ ನೆರವಾಗಲು ಕಾರಭಾರಿ. ಜಗಳಗಳು ಅಲ್ಲಿಯೇ ತೀರುತ್ತಿದ್ದುವು. ಹೊರಗಿನ ನ್ಯಾಯಾಸ್ಥಾನಕ್ಕೆ ಹೋಗಲು ಅವರಿಗೆ ಸ್ಥಿರವಾದ ಊರೇ ಇರಲಿಲ್ಲವಷ್ಟೆ. ಹುಟ್ಟುವುದೂ ಸಾಯುವುದೂ ದಾರಿಯಲ್ಲಿಯೇ. ಮದುವೆಯಾದವರನ್ನು ಸುಡುವ, ಮದುವೆಯಾಗದವರನ್ನು ಹೂಳುವ ಪದ್ಧತಿ ಇವರಲ್ಲಿದೆ. ಹೂತ ಮಗುವಿನ ಗುಣಿಯನ್ನು ಹಿಂದೆ ಬಿಟ್ಟು ಮರುದಿನ ಬೆಳಿಗ್ಗೆ ಹೇರು ಕಟ್ಟಿ ಹೊರಡಬೇಕಾದ ತಾಯಂದಿರು ಆ ಆರು ಮೈಲಿಯ ಸಾಲಿನಲ್ಲಿ ಎಷ್ಟು ಮಂದಿ ಇದ್ದರೋ ಮಂಡಿಯೂ ಕೇಳಲಿಲ್ಲ, ಟಾವರ್ನಿಯೆಯೂ ಕೇಳಲಿಲ್ಲ.

ಮಳೆಗಾಲದಲ್ಲಿ ಮಾತ್ರ ನಡಿಗೆ ನಿಲ್ಲುತ್ತಿತ್ತು. ಹುಲ್ಲು ನೀರು ಚೆನ್ನಾಗಿರುವ ಎಡೆಯಲ್ಲಿ ನೆಲೆನಿಂತು ಎತ್ತುಗಳನ್ನು ಮೇಯಿಸಿ ಮೈತುಂಬಿಸುವ ಕಾಲ ಅದು. ಕನ್ಯೆಯರು ಚಿಕ್ಕ ಬುಟ್ಟಿಗಳಲ್ಲಿ ಗೋದಿಯ ಸಸಿ ಬೆಳೆಸುವ ತೀಜ್ ಹಬ್ಬ ಶ್ರಾವಣದ ಸುಮಾರಿಗೆ ಬರುವುದು ಕಾಕತಾಳೀಯವಲ್ಲವೆಂದು ತೋರುತ್ತದೆ. ವರ್ಷವೆಲ್ಲ ಪರರು ಬೆಳೆದ ಧಾನ್ಯವನ್ನು ಹೊರುವ ಜನಕ್ಕೆ ಒಂದಿಷ್ಟು ಕಾಳನ್ನು ಮೊಳೆಯಿಸಿ, ಅದಕ್ಕೆ ನೀರೆರೆದು, ಸಸಿಯಾಗುವವರೆಗೆ ಕಾಯಲು ಬೇಕಾದ ಸ್ಥಿರತೆ ಆ ಕೆಲವು ವಾರಗಳಲ್ಲಿಯೇ ದೊರೆಯುತ್ತಿದ್ದುದು.

ಇನ್ನು ಸೈನ್ಯಗಳ ವಿಷಯ. ಷಹಜಹಾನನ ಕಾಲದಲ್ಲಿ ಮೊಗಲ ಸೇನೆ ವಿಜಾಪುರದ ಮೇಲೆ ಬಂದಾಗ ಭಂಗಿ, ಝಂಗಿ ಎಂಬ ನಾಯಕರಿಬ್ಬರು ೧,೮೦,೦೦೦ ಎತ್ತುಗಳೊಡನೆ ಬಂದರೆಂದೂ, ಸೇನಾಪತಿ ಅಸಫ್ ಖಾನನು ಅವರಿಗೆ ತಾಮ್ರಪಟವೊಂದನ್ನು ಕೊಟ್ಟನೆಂದೂ ಬಂಜಾರರಲ್ಲಿ ಐತಿಹ್ಯವಿದೆ. ಯಾರ ಹಂಡೆಯ ನೀರನ್ನಾದರೂ ಕುಡಿಯುವ, ಯಾರ ಸೂರಿನ ಹುಲ್ಲನ್ನಾದರೂ ಎತ್ತಿಗೆ ಹಾಕುವ, ದಿನಕ್ಕೆ ಮೂರು ಕೊಲೆಗಳವರೆಗೆ ಮಾಫಿ ಪಡೆಯುವ ಹಕ್ಕು ಅದರಲ್ಲಿತ್ತಂತೆ. ಅಂಕೆಯನ್ನೂ ಮಾಫಿಯನ್ನೂ ಐತಿಹ್ಯವೆಂದೇ ತಿಳಿಯಬೇಕು. ಆದರೆ ಅದರ ತಿರುಳಿನಲ್ಲಿ ಸತ್ಯವಿದೆ: ದಂಡಿಗೆ ಧಾನ್ಯ ತರುವವನು ಊರಿನ ಸೂರನ್ನು ಕಿತ್ತರೂ ದಂಡಿನ ಒಡೆಯ ಕಣ್ಣು ಮುಚ್ಚಿಕೊಳ್ಳುತ್ತಿದ್ದನು. ಹಳ್ಳಿಯವರ ನೆನಪಿನಲ್ಲಿ ಬಂಜಾರನ ಬಗೆಗೆ ಭಯವೂ ಉಳಿದಿರುವುದು ಇದರಿಂದಲೇ. ಸೈನ್ಯದ ಹಿಂದೆ ಹೋದಾಗ ಕೊಂಡ ಧಾನ್ಯಕ್ಕೂ ಕೊಳ್ಳೆಯ ಧಾನ್ಯಕ್ಕೂ ಅವರು ಯಾವಾಗಲೂ ಭೇದವೆಣಿಸಲಿಲ್ಲ. ಇದನ್ನು ಮರೆಮಾಚಿ ಅವರನ್ನು ಹೊಗಳಿದರೆ ಅದು ಚರಿತ್ರೆಯಾಗದು.

ಮೈಸೂರು ಯುದ್ಧಗಳಲ್ಲಿ ಈ ಅವಲಂಬನ ಬಯಲಾಯಿತು. ೧೭೯೧ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಅರಕೆರೆಯ ಬಳಿ ಟಿಪ್ಪುವಿನ ಸೇನೆಯನ್ನು ಸೋಲಿಸಿ ಶ್ರೀರಂಗಪಟ್ಟಣವನ್ನು ಕಣ್ಣಿನಳತೆಯಲ್ಲಿ ಕಂಡನು. ಆದರೆ ಎತ್ತುಗಳು ಸತ್ತಿದ್ದುವು, ಧಾನ್ಯ ಮುಗಿದಿತ್ತು. ಗೆದ್ದ ಸೇನಾಪತಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದನು. ದಾರಿಯಲ್ಲಿ ಹರಿಪಂತ, ಪರಶುರಾಮ ಭಾವುಗಳ ಮರಾಠಾ ಸೇನೆ ಎದುರಾಗಿ, ಅದರ ತುಂಬಿದ ಬಾಜಾರಿನಿಂದ ಇಂಗ್ಲಿಷ್ ದಂಡಿಗೆ ಅನ್ನ ದೊರೆಯಿತು. ಮರುವರ್ಷ ಅವನು ಬಂಜಾರರನ್ನು ಮೊದಲೇ ಒಲಿಸಿಕೊಂಡು ಬಂದನು. ೧೮೦೦ರಲ್ಲಿ ಧೋಂಡಿಯ ವಾಘನ ಬೆನ್ನಟ್ಟಿ ಧಾರವಾಡ, ರಾಯಚೂರು ಸೀಮೆಗಳಲ್ಲಿ ಅಲೆದ ಆರ್ಥರ್ ವೆಲೆಸ್ಲಿಯ ಪತ್ರಗಳಲ್ಲಿಯೂ ಶತ್ರುವಿನ ಚಲನೆಯಷ್ಟೇ ಬಂಜಾರರ ಚಲನೆಯ ಚಿಂತೆ ಕಾಣುತ್ತದೆ. ಯುದ್ಧದಲ್ಲಿ ಎರಡು ಪಕ್ಷಗಳೂ ಅವರನ್ನು ಸಾಮಾನ್ಯವಾಗಿ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ನಾಳೆ ತನ್ನ ಬೀಡಿಗೂ ಧಾನ್ಯ ಬರಲಾರದು.

ಈ ಜನರನ್ನು ಕುರಿತ ಮೊದಲ ವಿದ್ವತ್ಪ್ರಬಂಧವೊಂದು ಮುಂಬಯಿಯ ಸಾಹಿತ್ಯ ಸಂಘದ ಸಂಪುಟದಲ್ಲಿ ೧೮೧೯ರಲ್ಲಿ ಅಚ್ಚಾಯಿತು. ಬರೆದವನು, ಮುಂದೆ ಫೆರಿಷ್ತಾನ ಇತಿಹಾಸವನ್ನು ಇಂಗ್ಲಿಷಿಗೆ ತಂದ ಜಾನ್ ಬ್ರಿಗ್ಸ್. ಅದು ಉಪಕಾರ ಪಡೆದ ಸೈನಿಕನ ಬರವಣಿಗೆ. ಅದಾದ ಸುಮಾರು ಆರು ದಶಕಗಳ ಮೇಲೆ ಬೆರಾರಿನ ವಾಶೀಮದಲ್ಲಿ ಕಂಬರ್ಲೆಜ್ ಎಂಬ ಅಧಿಕಾರಿ ಮತ್ತೊಂದು ವಿವರವಾದ ವರದಿ ಬರೆದನು. ಹಟಾಡಿಯದ ವರ್ಣನೆ ಬಂದಿರುವುದು ಅದರಿಂದಲೇ. ಅವನು ಪೋಲೀಸು ಅಧಿಕಾರಿ. ಮೇಲೆ ಹೇಳಿದ ಸಾಕ್ಷಿಗಳ ಕ್ರಮದ ಅರ್ಥ ಇದು. ಅರುವತ್ತು ವರ್ಷಗಳಲ್ಲಿ ಬಂಜಾರನು ದಂಡಿನ ಅನ್ನದಾತನ ಸ್ಥಾನದಿಂದ ಠಾಣೆಯ ದಫ್ತರಕ್ಕೆ ಇಳಿದಿದ್ದನು.

ನಡುವೆ ನಡೆದುದು ಅಪರಾಧಗಳ ಹೆಚ್ಚಳವಲ್ಲ, ದಾರಿಗಳ ಬದಲಾವಣೆ. ೧೮೩೦ರಲ್ಲಿ ಬೋರ್‌ಘಾಟದಲ್ಲಿ ಬಂಡಿಯ ರಸ್ತೆ ತೆರೆಯಿತು. ಧಾರವಾಡದ ಹತ್ತಿಯನ್ನು ಕುಮಟೆಯ ಬಂದರಿಗಿಳಿಸಲು ಘಟ್ಟಗಳಲ್ಲಿ ರಸ್ತೆಗಳಾದುವು. ೧೮೫೩ರಲ್ಲಿ ಮುಂಬಯಿಯಿಂದ ಠಾಣೆಗೆ ಹೊರಟ ರೈಲು ಹತ್ತು ವರ್ಷಗಳಲ್ಲಿ ಘಟ್ಟ ಹತ್ತಿತು. ೧೮೮೦ರ ದಶಕದಲ್ಲಿ ಹುಬ್ಬಳ್ಳಿಯನ್ನು ಮುಟ್ಟಿ, ಕ್ಯಾಸಲ್‌ರಾಕಿನ ಮೂಲಕ ಮುರಗಾಂವದ ಕಡಲಿಗೆ ಸೇರಿತು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಾಗಲಿ, ಗೋವೆಯ ಉಪ್ಪಾಗಲಿ ಎತ್ತಿನ ಬೆನ್ನೇರಿ ಬಯಲುಸೀಮೆಗೆ ಬರಬೇಕಾದ ಅಗತ್ಯ ಒಂದು ತಲೆಮಾರಿನೊಳಗೆ ಮುಗಿಯಿತು. ರೈಲೊಂದೇ ಕಾರಣವೆಂದು ಸಾಮಾನ್ಯವಾಗಿ ಹೇಳುವರು. ಅರಣ್ಯ ಕಾನೂನಿನ ಪಾತ್ರವನ್ನು ಅಷ್ಟಾಗಿ ಗಮನಿಸಿಲ್ಲ. ೧೮೭೮ರ ಅರಣ್ಯ ಕಾಯಿದೆಯಿಂದ ಕಾಡುಗಳು ಕಾದಿಟ್ಟ ಕಾಡುಗಳಾದುವು. ಮೇವಿಗೆ ಶುಲ್ಕ, ದೊಡ್ಡಿ, ದಂಡ ಬಂದುವು. ಪುಕ್ಕಟೆ ಮೇವೇ ಬಂಜಾರನ ವ್ಯಾಪಾರದ ಬಂಡವಾಳ. ಅದು ಹೋದ ಮೇಲೆ ರೈಲು ಮುಟ್ಟದ ಮೂಲೆಗಳಲ್ಲಿಯೂ ಅವನ ಹೇರು ಅಗ್ಗವಾಗಿ ಉಳಿಯಲಿಲ್ಲ.

೧೮೭೧ರಲ್ಲಿ ಉತ್ತರದ ಪ್ರಾಂತಗಳಿಗಾಗಿ ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆ ೧೯೧೧ರ ಹೊತ್ತಿಗೆ ಬ್ರಿಟಿಷ್ ಇಂಡಿಯಾಕ್ಕೆಲ್ಲ ಹಬ್ಬಿತು. ಕೆಲವು ಪ್ರಾಂತಗಳಲ್ಲಿ ಬಂಜಾರರ ಗುಂಪುಗಳೂ ಪಟ್ಟಿಯಲ್ಲಿ ಸೇರಿದುವು. ಪಟ್ಟಿಗೆ ಸೇರಿದವನು ಹುಟ್ಟಿನಿಂದಲೇ ಗುಮಾನಿಗೆ ಪಾತ್ರ. ಊರು ಬಿಡಬೇಕಾದರೆ ರಹದಾರಿ ಬೇಕು, ಹಾಜರಿ ಕೊಡಬೇಕು. ನಡೆಯುವುದನ್ನೇ ಕಸುಬಾಗಿ ಉಳ್ಳವನಿಗೆ ನಡೆಯುವುದೇ ಅಪರಾಧದ ಕುರುಹಾಯಿತು. ದನ ಕದ್ದವರು ಅವರಲ್ಲಿ ಇರಲಿಲ್ಲವೆಂದಲ್ಲ. ಕೆಲಸ ಕಳೆದುಕೊಂಡ ಯಾವ ಜನದಲ್ಲಿಯೂ ಇದ್ದಾರು. ವೆಲೆಸ್ಲಿಯು ಕಾತರದಿಂದ ಕಾದ ಜನದ ಮೊಮ್ಮಕ್ಕಳನ್ನು ಅದೇ ಸರಕಾರ ಠಾಣೆಯಲ್ಲಿ ಹಾಜರಿ ಕೂಗಿಸಿತೆಂಬುದು ಮಾತ್ರ ದಾಖಲೆಯ ಮಾತು. ಕಾಯಿದೆ ರದ್ದಾದುದು ಸ್ವಾತಂತ್ರ್ಯ ಬಂದು ಐದು ವರ್ಷಗಳ ಮೇಲೆ, ೧೯೫೨ರ ಆಗಸ್ಟ್ ೩೧ರಂದು.

ಎತ್ತು ಮಾರಿದವರು ಎಲ್ಲಿ ಕೊನೆಯ ಬೀಡು ಬಿಟ್ಟರೋ ಅಲ್ಲಿಯೇ, ಊರಿನಿಂದ ಅಷ್ಟು ದೂರದಲ್ಲಿ, ಗುಡ್ಡದ ಓರೆಯಲ್ಲಿಯೋ ಕಾಡಿನ ಅಂಚಿನಲ್ಲಿಯೋ ನಿಂತರು. ನಡೆಯುವ ಸಾಲಿಗೆ ಇದ್ದ ತಾಂಡಾ ಎಂಬ ಹೆಸರು ನಿಂತ ಹಟ್ಟಿಗೆ ಉಳಿಯಿತು. ೧೮ನೆಯ ಶತಮಾನದ ಸಂತ ಸೇವಾಲಾಲರು ಹುಟ್ಟಿದುದು ಈಗಿನ ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪದಲ್ಲಿ ಎಂದೂ, ಅವರ ಸಮಾಧಿ ಇರುವುದು ವಾಶೀಮ ಜಿಲ್ಲೆಯ ಪೋಹರಾದೇವಿಯಲ್ಲಿ ಎಂದೂ ಭಕ್ತರು ಹೇಳುವರು. ಎರಡು ಸ್ಥಳಗಳ ನಡುವಿನ ದೂರವೇ ಹಳೆಯ ದಾರಿಯ ಉದ್ದವನ್ನು ತೋರಿಸುತ್ತದೆ.

ವಿಜಾಪುರ, ಕಲಬುರಗಿ ಜಿಲ್ಲೆಗಳ ತಾಂಡಾಗಳಿಂದ ಸುಗ್ಗಿಯಾದ ಮೇಲೆ ಸಂಸಾರಗಳು ಪಾತ್ರೆಪಡಗ ಕಟ್ಟಿಕೊಂಡು ಪುಣೆ, ಮುಂಬಯಿ, ಗೋವೆಗಳಿಗೆ ಕಟ್ಟಡದ ಕೆಲಸಕ್ಕೂ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೂ ಹೊರಡುತ್ತವೆ. ಹೊರುವುದು ಈಗ ಕಲ್ಲು, ಮರಳು, ಕಬ್ಬು, ಹೊರುವವನು ಎತ್ತಲ್ಲ. ಮಕ್ಕಳು ಜೊತೆಯಲ್ಲಿಯೇ ಇರುತ್ತಾರೆ. ಮಳೆ ಹಿಡಿಯುವ ಹೊತ್ತಿಗೆ ಅವರಲ್ಲಿ ಬಹಳ ಮಂದಿ ತಾಂಡಾಕ್ಕೆ ಹಿಂದಿರುಗುತ್ತಾರೆ, ತೀಜ್ ಹಬ್ಬದ ಬುಟ್ಟಿಗಳಿಗೆ ಗೋದಿ ನೆನೆಹಾಕುವ ಹೊತ್ತಿಗೆ.